ನೆಗ್ಗಿಲ್ಲದ ತಟ್ಟೆ

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರು ಹೆಣ್ಣನ್ನು ಆಮೇಲೆ ನೋಡುತ್ತಾರೆ, ಮೊದಲು ಅವಳು ಉಣ್ಣುವ ತಟ್ಟೆ ನೋಡುತ್ತಾರೆ. ಗಂಡಿನ ತಟ್ಟೆಯನ್ನೂ ತರಿಸಿ ಬೆಳಕಿಗೆ ಹಿಡಿಯುತ್ತಾರೆ. ಅಂಚಿನಲ್ಲಿ ಒಂದೆರಡು ನೆಗ್ಗು ಇದ್ದರೆ ಪರವಾಗಿಲ್ಲ, ಮನುಷ್ಯರೆಂದ ಮೇಲೆ ಅಷ್ಟಾದರೂ ಇರಬೇಕು. ಪೂರಾ ಜಜ್ಜಿಹೋಗಿದ್ದರೆ ಕಾಫಿ ಕುಡಿದು ಎದ್ದು ಹೋಗುತ್ತಾರೆ. ತಟ್ಟೆ ಹೊಸದಾಗಿ ಫಳಫಳ ಹೊಳೆಯುತ್ತಿದ್ದರಂತೂ ಕಾಫಿಯನ್ನೂ ಮುಟ್ಟುವುದಿಲ್ಲ. ಹಳೆಯದು ಎಲ್ಲಿ ಹೋಯಿತು ಅಂತ ಯಾರಿಗಾದರೂ ಅನುಮಾನ ಬರುವುದಿಲ್ಲವೇ?

ಸುಳ್ಳು ಹೇಳಿದವರ ತಟ್ಟೆ ಬೀಳುತ್ತದೆ. ಹಲಗೆಯ ಮೇಲಿದ್ದರೆ ಕೆಳಗೆ ಬೀಳುತ್ತದೆ, ನೆಲದ ಮೇಲಿದ್ದರೆ ಇದ್ದಲ್ಲೇ ನೆಗೆದು ಟಣ್ ಅನ್ನುತ್ತದೆ. ಯಾರು ದಿನಾ ಯಾವುದರಲ್ಲಿ ಉಣ್ಣುತ್ತಾರೋ ಅವರ ಸುಳ್ಳಿಗೆ ಅದು. ನಮ್ಮಜ್ಜಿಯ ಕಾಲದಿಂದಲೂ ಹೀಗೇ. ಅದಕ್ಕೇ ಮಂಡಿಯ ಸಾಹುಕಾರರೆಲ್ಲ ಮುತ್ತುಗದ ಎಲೆಯಲ್ಲಿ ಉಣ್ಣುತ್ತಾರೆ, ಉಂಡು ಎಲೆ ಬಿಸಾಕುತ್ತಾರೆ. ಯಾರನ್ನಾದರೂ ಬೈಯಬೇಕಾದರೆ "ಅವನಾ? ಎಲೇಲಿ ಉಣ್ಣೋನು" ಅಂದರೆ ಸಾಕು, ಕೇಳಿದವರಿಗೆ ಅರ್ಥವಾಗುತ್ತದೆ. "ಸುಮ್ನೆ" ಅನ್ನುವ ಮಾತಿಗೆ ಮಾತ್ರ ಯಾವ ತಟ್ಟೆಯೂ ಬೀಳುವುದಿಲ್ಲ. ಎಲ್ಲಿಗೆ ಹೋಗಿದ್ದೆ ಅಂದರೆ ಸುಮ್ನೆ, ಏನು ಯೋಚನೆ ಅಂದರೆ ಸುಮ್ನೆ. ಅದು ಸುಳ್ಳೋ ನಿಜವೋ ತಟ್ಟೆಗೂ ತಿಳಿಯುವುದಿಲ್ಲ. ನಮ್ಮೂರಿನವರು ದಿನಕ್ಕೆ ಅತಿ ಹೆಚ್ಚು ಸಲ ಆಡುವ ಮಾತು ಅದೇ.

ನಾನು ದ್ಯಾವಮ್ಮ. ಮಂಡಿಯಿಂದ ಹುಣಸೆಹಣ್ಣು ತಂದು ಮನೆಯಲ್ಲೇ ಜಜ್ಜಿ ಬೀಜ ಬಿಡಿಸಿಕೊಡುವುದು ನನ್ನ ಕೆಲಸ. ಕೇರಿಯವರು ನನ್ನ ಬೆನ್ನ ಹಿಂದೆ "ಅನುಮಾನದ ದ್ಯಾವಮ್ಮ" ಅನ್ನುತ್ತಾರೆ. ಅನ್ನಲಿ. ಅನುಮಾನ ಪಡದೆ ಬದುಕಿದವರು ಎಲ್ಲಿದ್ದಾರೆ ಅಂತ ನಾನೂ ನೋಡಿದ್ದೇನೆ. ನನ್ನ ತಂಗಿ ಪುಟ್ಟಲಕ್ಷ್ಮಿ ಅಂಥವಳು. ಗಂಡ "ಕೆಲಸ ಹುಡುಕ್ಕೊಂಡು ಬರ್ತೀನಿ" ಅಂದಾಗ ಅವನ ತಟ್ಟೆ ಬಿತ್ತು. ಗಾಳಿಗೆ ಬಿತ್ತು ಅಂದುಕೊಂಡಳು. ಅವನು ಬರಲಿಲ್ಲ, ಅವಳು ಕಾಯಿಲೆ ಬಿದ್ದು ಹೋದಳು, ಮಗಳು ಸಿಂಚನ ಒಂದು ಚೀಲ, ಒಂದು ತಟ್ಟೆ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದಳು.

ನಾನು ಮೊದಲು ನೋಡಿದ್ದು ಆ ತಟ್ಟೆಯನ್ನೇ. ತೆಳು ಸ್ಟೀಲಿನ ತಟ್ಟೆ, ನಡುವೆ ಸವೆದುಹೋದ ಹೂವು. ಅಂಚಿನ ಸುತ್ತ ಬೆರಳಾಡಿಸಿದೆ. ಒಂದೇ ಒಂದು ನೆಗ್ಗು ಇಲ್ಲ. ಅಷ್ಟು ವಯಸ್ಸಿನ ಮಗು ಬೆಲ್ಲ ಕದ್ದು ಇಲ್ಲ ಅಂದಾದರೂ ಒಂದು ಸಲ ಬೀಳಿಸಿರಬೇಡವೇ? ನನಗೆ ಖುಷಿಯಾಗುವ ಬದಲು ಭಯವಾಯಿತು. ಸುಳ್ಳೇ ಹೇಳದವರು ಒಳಗೆ ಏನು ಇಟ್ಟುಕೊಂಡಿರುತ್ತಾರೆ ಅಂತ ಹೇಗೆ ತಿಳಿಯುವುದು?

ಆದರೂ ಹುಡುಗಿ ಮನೆ ತುಂಬಿದಳು. ಶಾಲೆಯಿಂದ ಬಂದು ಪಕ್ಕದಲ್ಲಿ ಕೂತು ಹುಣಸೆ ನಾರು ಬಿಡಿಸುತ್ತಿದ್ದಳು. ರಾತ್ರಿ ನಿದ್ದೆಯಲ್ಲಿ ನನ್ನ ಸೆರಗು ಹಿಡಿದು ಮಲಗುತ್ತಿದ್ದಳು. ಹಿಟ್ಟು ಒಂದೇ ಮುದ್ದೆಗಾಗುವಷ್ಟು ಇದ್ದ ದಿನ ನಾನು "ನಂದಾಯ್ತು ಕಣೇ, ನೀನು ಉಣ್ಣು" ಅನ್ನುತ್ತಿದ್ದೆ. ಹಲಗೆ ಮೇಲಿಂದ ನನ್ನ ತಟ್ಟೆ ಧಡ್ ಅಂತ ಬೀಳುತ್ತಿತ್ತು. "ಥೂ, ಹಾಳು ಬೆಕ್ಕು" ಅನ್ನುತ್ತಿದ್ದೆ. ಎತ್ತಿಟ್ಟ ತಟ್ಟೆ ಮತ್ತೆ ಬೀಳುತ್ತಿತ್ತು. ಆಮೇಲೆ ಬುದ್ಧಿ ಬಂದು ಸಂಜೆಯಾಗುತ್ತಲೇ ತಟ್ಟೆಯನ್ನು ಹಾಸಿಗೆಯ ಸುರುಳಿಯೊಳಗೆ ತುರುಕಿಡಲು ಶುರುಮಾಡಿದೆ. ಹುಡುಗಿ ತಲೆ ತಗ್ಗಿಸಿ ಉಣ್ಣುತ್ತಿದ್ದಳು. ಅವಳಿಗೆ ಏನೂ ಗೊತ್ತಾಗಲಿಲ್ಲ ಅಂದುಕೊಂಡೆ.

ಇನ್ನು ಸರ್ವೆಯ ವಿಷಯ. ಬಡ ಕುಟುಂಬದವರು, ಅವರ ಮಕ್ಕಳು ಎಷ್ಟು ಸುಖವಾಗಿದ್ದಾರೆ ಅಂತ ತಿಳಿಯುವ ಸರ್ವೆಯಂತೆ. ಸುಖವನ್ನು ಸೇರಿನಲ್ಲಿ ಅಳೆಯುತ್ತಾರೋ ಮೊಳದಲ್ಲಿ ಅಳೆಯುತ್ತಾರೋ ನನಗೆ ಇವತ್ತಿಗೂ ತಿಳಿದಿಲ್ಲ. ವರ್ಷಕ್ಕೊಮ್ಮೆ ಹೊರಗಿನವರು ಯಾರಾದರೂ ನಮ್ಮ ಕೇರಿಗೆ ಬಂದು ಮನೆಮನೆಯಲ್ಲಿ ಕೂತು ಕೇಳುತ್ತಾರೆ, ಕೇಳಿದ್ದಕ್ಕೆಲ್ಲ ಅಂಕ ಹಾಕುತ್ತಾರೆ. ಅಂಕ ತೀರ ಹೆಚ್ಚು ಬಂದರೆ ಅಕ್ಕಿ ಕಾರ್ಡು ಹೋಗುತ್ತದೆ. ತೀರ ಕಡಿಮೆ ಬಂದರೆ ಮಗು ಹೋಗುತ್ತದೆ, ಹೊಳೆಯಾಚೆಯ ಹಾಸ್ಟೆಲಿಗೆ. ಹತ್ತು ತುಂಬಿದ ಮಕ್ಕಳಾದರೆ ಮಾತ್ರ ಅವರನ್ನೇ ಕೇಳುತ್ತಾರೆ, ಅವರು ಹೇಳಿದ್ದೇ ಕೊನೆ. ಇರುತ್ತೇನೆ ಅಂದರೆ ಯಾರೂ ಒಯ್ಯುವ ಹಾಗಿಲ್ಲ, ಹೋಗುತ್ತೇನೆ ಅಂದರೆ ಯಾರೂ ತಡೆಯುವ ಹಾಗಿಲ್ಲ.

ಮೊದಲ ವರ್ಷ ಬಂದ ಗಂಡಸು ತಟ್ಟೆ ಬಿದ್ದಾಗಲೆಲ್ಲ ತಲೆಯೆತ್ತಿ ನೋಡುತ್ತಿದ್ದನಂತೆ. ಅವನು ನಮ್ಮೂರಿನವನಲ್ಲ ನಿಜ, ಆದರೆ ಕಿವುಡನೂ ಅಲ್ಲ. ಮಧ್ಯಾಹ್ನದ ಹೊತ್ತಿಗೆ ಗುಟ್ಟು ಹಿಡಿದುಬಿಟ್ಟ. ಕೇರಿಯ ಕೊನೆ ಮನೆಯ ಸರ್ವಮಂಗಳ "ಮೂರು ಹೊತ್ತೂ ಉಣ್ತೀವಿ ಸ್ವಾಮಿ" ಅಂದಾಗ ಅವಳ ತಟ್ಟೆ ಉರುಳುರುಳಿಕೊಂಡು ಬಂದು ಅವನ ಕಾಲ ಬಳಿಯೇ ನಿಂತಿತು. ಅವಳ ಮೊಮ್ಮಗ ಚೇತುವಿಗೆ ಆಗ ಆರು ವರ್ಷ, ಅವನನ್ನು ಯಾರೂ ಕೇಳಲಿಲ್ಲ. ಜೀಪು ಬಂತು, ಕರೆದುಕೊಂಡು ಹೋಯಿತು. ಹಬ್ಬಕ್ಕೆ ಬಂದಾಗ ಅಜ್ಜಿಯನ್ನು "ಮೇಡಂ" ಅಂದನಂತೆ. ಮಂಗಳ ಅದನ್ನು ನಗುತ್ತಲೇ ಹೇಳಿಕೊಂಡು ತಿರುಗಿದಳು. ನನಗೆ ಆ ನಗು ಹಿಡಿಸಲಿಲ್ಲ. ಮೊಮ್ಮಗ ಹೋದದ್ದಕ್ಕೆ ಅಳದ ಹೆಂಗಸಿನ ಮನಸ್ಸಿನಲ್ಲಿ ಏನಿರುತ್ತದೆ?

ಮರುವರ್ಷದಿಂದ ಕೇರಿಯವರು ಹುಷಾರಾದರು. ಸರ್ವೆಯವರು ಯಾರ ಮನೆಗೆ ಬರುತ್ತಾರೋ ಆ ಮನೆಯ ತಟ್ಟೆಗಳನ್ನು ಬೆಳಿಗ್ಗೆಯೇ ದೂರದ ಮನೆಯಲ್ಲಿ ಇಟ್ಟುಬರುವುದು. ಬೀಳುವುದಾದರೆ ಅಲ್ಲಿ ಬೀಳಲಿ. ಇಟ್ಟುಕೊಂಡವರು ಅವನ್ನು ಕಂಬಳಿಯಲ್ಲಿ ಸುತ್ತಿ ಮೂಟೆ ಕಟ್ಟಬೇಕು, ಸದ್ದು ಕೇಳಿಸಿಕೊಳ್ಳಬಾರದು, ಕೇಳಿದರೂ ಕೇಳಿದೆ ಅನ್ನಬಾರದು. ಎಲ್ಲ ಸರಿಯಾಗಿಯೇ ನಡೆಯಿತು. ಸರ್ವೆಯವರು ಮಾತ್ರ ಯಾವ ಮನೆಯಲ್ಲೂ ತಟ್ಟೆ ಕಾಣದೆ, ಈ ಊರಿನ ಬಡವರಿಗೆ ಉಣ್ಣಲು ತಟ್ಟೆಯೇ ಇಲ್ಲ ಅಂತ ಬರೆದುಕೊಂಡು ಹೋದರು. ನಾಲ್ಕು ತಿಂಗಳಿಗೆ ಲಾರಿ ತುಂಬ ತಟ್ಟೆ ಬಂತು, ಮುದ್ರೆ ಒತ್ತಿದ್ದು, ತಲೆಗೊಂದು. ಯಾರೂ ಅದರಲ್ಲಿ ಉಣ್ಣಲಿಲ್ಲ. ಅವರೇ ಕೊಟ್ಟ ತಟ್ಟೆಯಲ್ಲಿ ಉಂಡು ಅವರಿಗೇ ಸಿಕ್ಕಿಬೀಳುವುದಕ್ಕೆ ನಮಗೇನು ಹುಚ್ಚೇ? ನೀರಿನ ಕೊಡಕ್ಕೆ ಮುಚ್ಚಳವಾಯಿತು, ಕೋಳಿಗೆ ಕಾಳು ಹಾಕುವುದಕ್ಕಾಯಿತು. ನಾನು ಎರಡನ್ನೂ ತೊಳೆದು ಹಲಗೆಯ ಮೇಲೆ ನಿಲ್ಲಿಸಿಟ್ಟೆ, ಬಂದವರ ಕಣ್ಣಿಗೆ ಬೀಳಲಿ ಅಂತ. ಉಣ್ಣದ ತಟ್ಟೆ ಏನು ಹೇಳಿದರೂ ಕದಲುವುದಿಲ್ಲ.

ಈ ವರ್ಷ ಸಿಂಚನಳಿಗೆ ಹತ್ತು ತುಂಬಿತ್ತು. ಅವಳನ್ನೇ ಕೇಳುತ್ತಾರೆ ಅನ್ನುವುದು ತಿಳಿದಾಗಿನಿಂದ ನನಗೆ ನಿದ್ದೆ ಇಲ್ಲ. ಅದೇ ಹೊತ್ತಿಗೆ ಹುಡುಗಿ ಮಂಗಳನ ಮನೆಗೆ ಹೋಗಿಬರುವುದು ಹೆಚ್ಚಾಯಿತು. ನಾನು ಹುಣಸೆಹಣ್ಣಿನ ಬುಟ್ಟಿ ಹೊತ್ತು ಬರುವಾಗ ಇಬ್ಬರೂ ಜಗಲಿಯ ಮೇಲೆ ತಲೆಗೆ ತಲೆ ಕೂಡಿಸಿ ಕೂತಿರುತ್ತಿದ್ದರು. ನನ್ನನ್ನು ಕಂಡರೆ ಮಾತು ನಿಲ್ಲುತ್ತಿತ್ತು.

"ಏನೇ ಅದು, ಆ ಮಂಗಳನ ಹತ್ರ ಗುಸುಗುಸು?" ಅಂದೆ ಒಂದು ಸಂಜೆ.

"ಸುಮ್ನೆ ದೊಡ್ಡಮ್ಮ."

"ಸುಮ್ನೆ ಅಂದ್ರೆ?"

"ಸುಮ್ನೆ."

ತಟ್ಟೆ ಕದಲಲಿಲ್ಲ. ಮಾರನೆಯ ದಿನ ನೀರಿನ ನಲ್ಲಿಯ ಹತ್ತಿರ ಮಂಗಳನನ್ನೇ ಹಿಡಿದುಕೊಂಡು ಕೇಳಿದೆ.

"ಹಾಸ್ಟೆಲಲ್ಲಿ ಊಟ ಹೆಂಗೆ, ಎಷ್ಟು ಸಲ ಹಾಕ್ತಾರೆ ಅಂತ ಕೇಳ್ತಿತ್ತು ಕಣಕ್ಕ ನಿನ್ನ ಮಗು. ನಂಗೆ ಗೊತ್ತಿದ್ದಷ್ಟು ಹೇಳ್ದೆ," ಅಂದಳು.

"ಹೇಳೋಕೆ ನಿಂಗ್ಯಾರು ಹೇಳಿದ್ರು? ತಲೆ ಕೆಡಿಸ್ತಿದೀಯಾ ಅದರದ್ದು?"

"ಅಯ್ಯೋ ಶಿವನೇ, ಕೇಳಿದ್ದಕ್ಕೆ ಹೇಳಬಾರದಾ? ನಿನ್ನ ಅನುಮಾನಕ್ಕೆ ಮದ್ದಿಲ್ಲ ಬಿಡು ದ್ಯಾವಕ್ಕ."

ನಾನು ಕೊಡ ತುಂಬುವ ಮೊದಲೇ ಎತ್ತಿಕೊಂಡು ಬಂದೆ. ಹುಡುಗಿಗೆ ಹಾಸ್ಟೆಲಿನ ಊಟದ ಮೇಲೆ ಆಸೆ ಹುಟ್ಟಿದೆ ಅನ್ನುವುದು ಸ್ಪಷ್ಟವಾಯಿತು. ತಪ್ಪೇನು, ಬೆಳೆಯುವ ಮಗು, ನನ್ನ ಮನೆಯ ನೀರುಸಾರಿಗೆ ಎಷ್ಟು ದಿನ ಅಂತ ಇರುತ್ತದೆ? ಹೀಗೆ ನನಗೆ ನಾನೇ ಹೇಳಿಕೊಂಡೆ, ಹೇಳಿಕೊಂಡು ಅತ್ತುಬಿಟ್ಟೆ. ಮತ್ತೆ ಮಂಗಳನ ಮೇಲೆ ಸಿಟ್ಟು ಬಂತು. ತನ್ನ ಮೊಮ್ಮಗ ಹೋದ ಮೇಲೆ ಇನ್ನೊಬ್ಬರ ಮನೆಯಲ್ಲೂ ಮಗು ಇರಬಾರದು ಅಂತ ಅವಳ ಲೆಕ್ಕ.

ಹೀಗಿದ್ದೂ ತಟ್ಟೆಗಳನ್ನು ಅವಳ ಮನೆಯಲ್ಲೇ ಇಡಬೇಕಾಗಿ ಬಂತು. ಮಿಕ್ಕವರೆಲ್ಲ ಹತ್ತಿರದ ಮನೆಯವರು, ಬಿದ್ದರೆ ಸದ್ದು ನಮ್ಮ ಮನೆಗೇ ಕೇಳುತ್ತದೆ. ಸರ್ವೆಯ ದಿನ ಬೆಳಿಗ್ಗೆ ನನ್ನದೂ ಸಿಂಚನಳದೂ ಎರಡು ತಟ್ಟೆ ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಅವಳ ಕೈಗೆ ಕೊಟ್ಟೆ.

"ಕಂಬಳೀಲಿ ಸುತ್ತಿಡು. ಕಿವಿ ಕೊಡಬೇಡ."

"ಆಯ್ತು ಕಣಕ್ಕ, ನಿನ್ನ ತಟ್ಟೆ ಸದ್ದು ಕೇಳಿ ನಂಗೇನು ಮದುವೆ ಆಗ್ಬೇಕಾ?" ಅಂತ ನಕ್ಕಳು. ಆ ನಗುವನ್ನು ನೋಡಿಯೇ ವಾಪಸು ಇಸಿದುಕೊಂಡು ಬಿಡಬೇಕಿತ್ತು, ಹೊತ್ತಾಗಿತ್ತು.

ಸರ್ವೆಗೆ ಬಂದವಳು ಅರ್ಪಿತಾ ಅಂತ, ಇನ್ನೂ ಚಿಕ್ಕ ವಯಸ್ಸು. ಬಸ್‌ಸ್ಟ್ಯಾಂಡಿನ ಹತ್ತಿರ ರೂಮು ಮಾಡಿಕೊಂಡು ತಿಂಗಳಿನಿಂದ ನಮ್ಮೂರಿನಲ್ಲೇ ಇದ್ದಳು. ಯಾರ ಮನೆಯಲ್ಲೂ ಒಂದು ಲೋಟ ನೀರು ಕೂಡ ಕುಡಿಯುವುದಿಲ್ಲ, ಮಧ್ಯಾಹ್ನ ಅರಳಿಕಟ್ಟೆಯ ಮೇಲೆ ಕೂತು ತನ್ನ ಸ್ಟೀಲ್ ಡಬ್ಬಿಯಿಂದಲೇ ತಿನ್ನುತ್ತಾಳೆ ಅಂತ ಕೇರಿಯೆಲ್ಲ ಮಾತಾಡಿಕೊಳ್ಳುತ್ತಿತ್ತು. ನಮ್ಮ ಕೈಯ ನೀರು ಮುಟ್ಟದವಳು ನಮ್ಮ ಸುಖ ಕೇಳಲು ಬಂದಿದ್ದಾಳೆ. ಚಾಪೆಯ ಮೇಲೆ ಕೂತು ಚೀಲವನ್ನು ಪಕ್ಕಕ್ಕಿಟ್ಟು, ಕೈಯಲ್ಲಿ ಟ್ಯಾಬು ಹಿಡಿದು, ಮೊದಲು ಹಲಗೆಯ ಕಡೆ ನೋಡಿದಳು. ಮುದ್ರೆಯ ತಟ್ಟೆಗಳು ಹೊಳೆಯುತ್ತಿದ್ದವು.

"ಹೆದರ್ಕೋಬೇಡಿ ಅಮ್ಮ. ಇದು ಬರೀ ಮಾಹಿತಿಗೆ ಅಷ್ಟೇ. ನೀವು ಹೇಳಿದ್ದನ್ನ ಯಾರಿಗೂ ಹೇಳಲ್ಲ," ಅಂದಳು.

ಚೀಲದೊಳಗೆ ಡಬ್ಬಿ ಟಣ್ ಅಂತು.

ನಾನು ಚೀಲವನ್ನೇ ನೋಡಿದೆ. ಅವಳು ಚೀಲ ಜಾರಿತು ಅಂದುಕೊಂಡು ಗೋಡೆಗೆ ಒರಗಿಸಿದಳು. "ಇದರಿಂದ ನಿಮಗೆ ಒಳ್ಳೇದೇ ಆಗುತ್ತೆ," ಅಂದಳು. ಮತ್ತೆ ಟಣ್. ತಿಂಗಳಿಡೀ ನಮ್ಮೂರಿನಲ್ಲಿ ಕೂತು ಒಂದೇ ಡಬ್ಬಿಯಲ್ಲಿ ತಿಂದರೆ ಇನ್ನೇನಾಗುತ್ತದೆ? ಪಕ್ಕದಲ್ಲಿ ಕೂತಿದ್ದ ಸಿಂಚನಳೂ ಅದನ್ನು ಗಮನಿಸಿದ್ದಳು. ನಾನು ಕಣ್ಣಲ್ಲೇ ಸುಮ್ಮನಿರು ಅಂದೆ. ಒಳ್ಳೆಯದಾಗುವುದಿಲ್ಲ ಅಂತ ಇವಳಿಗೂ ಗೊತ್ತಿದೆ, ಬಾಯಲ್ಲಿ ಮಾತ್ರ ಸಕ್ಕರೆ. ನನಗೂ ಧೈರ್ಯ ಬಂತು. ಇವಳೇ ಸುಳ್ಳು ಹೇಳುತ್ತಿರುವಾಗ ನನ್ನದೇನು?

"ದಿನಕ್ಕೆ ಎಷ್ಟು ಹೊತ್ತು ಊಟ ಮಾಡ್ತೀರಿ?"

"ಮೂರು ಹೊತ್ತೂ. ಇಬ್ಬರೂ."

"ಹೋದ ತಿಂಗಳಲ್ಲಿ ಹಸಿವಲ್ಲೇ ಮಲಗಿದ ದಿನ ಇದೆಯಾ?"

"ಇಲ್ವಲ್ಲ."

"ಮನೆಯಲ್ಲಿ ಏನಾದ್ರೂ ಚಿಂತೆ? ನಿದ್ದೆ ಚೆನ್ನಾಗಿ ಬರುತ್ತಾ?"

"ಹೊರಳಿದ್ರೆ ಬೆಳಗಾಗುತ್ತೆ," ಅಂದೆ.

ಮುದ್ರೆಯ ತಟ್ಟೆಗಳು ಕದಲಲಿಲ್ಲ. ಕೇರಿಯ ಆ ಕೊನೆಯಲ್ಲಿ ಕಂಬಳಿಯೊಳಗೆ ನನ್ನ ತಟ್ಟೆ ಎಷ್ಟು ಒದ್ದಾಡುತ್ತಿರಬಹುದು ಅಂತ ನೆನೆದೆ. ಅವಳು ಒಂದೊಂದಕ್ಕೂ ತಲೆಯಾಡಿಸುತ್ತ ಟ್ಯಾಬಿನ ಮೇಲೆ ಬೆರಳೊತ್ತುತ್ತಿದ್ದಳು. ನಂಬಿದಳೋ, ನಂಬಿದ ಹಾಗೆ ಮಾಡುತ್ತಿದ್ದಳೋ ಹೇಳುವುದು ಕಷ್ಟವಾಗಿತ್ತು.

ಆಮೇಲೆ ಹುಡುಗಿಯ ಕಡೆ ತಿರುಗಿ ಟ್ಯಾಬಿನಲ್ಲಿ ಐದು ಮುಖ ತೋರಿಸಿದಳು. ನಗುವ ಮುಖದಿಂದ ಹಿಡಿದು ಅಳುವ ಮುಖದವರೆಗೆ. "ಈ ಮನೆಯಲ್ಲಿ ನೀನು ಯಾವ ಮುಖ ಪುಟ್ಟಿ? ಮುಟ್ಟು," ಅಂದಳು. ಸಿಂಚನ ಕೈಯನ್ನು ಲಂಗದ ಮೇಲೆ ಒರೆಸಿಕೊಂಡು ಅಳುವ ಮುಖದ ಮೇಲೆ ಬೆರಳಿಟ್ಟಳು.

ನಾನು ಕೂತಲ್ಲಿಂದ ಅರ್ಧ ಎದ್ದೆ.

"ಯಾಕೆ ಪುಟ್ಟಿ? ಬಾಯಲ್ಲಿ ಹೇಳು. ದೊಡ್ಡಮ್ಮ ಇಲ್ಲೇ ಇದ್ದಾರೆ ಅಂತ ಹೆದರಬೇಡ. ನಿಂಗೆ ಇಲ್ಲಿ ಇರೋಕೆ ಇಷ್ಟಾನಾ?"

"ಇಲ್ಲ."

"ಹಾಸ್ಟೆಲ್‌ಗೆ ಹೋಗೋಕೆ ಆಸೇನಾ?"

"ಆಸೆ. ನಂಗೆ ದೊಡ್ಡಮ್ಮ ಇಷ್ಟ ಇಲ್ಲ." ನೆಲ ನೋಡಿಕೊಂಡು ಪಾಠ ಒಪ್ಪಿಸುವ ಹಾಗೆ ಹೇಳಿದಳು.

ಮನೆಯಲ್ಲಿ ಯಾವ ಸದ್ದೂ ಆಗಲಿಲ್ಲ. ಅರ್ಪಿತಾ ನನ್ನ ಮುಖ ನೋಡಿ, ಬೇಗ ಕಣ್ಣು ತಗ್ಗಿಸಿ, ಬೆರಳೊತ್ತಿದಳು. ಸೋಮವಾರ ಜೀಪು ಬರುತ್ತದೆ, ಬಟ್ಟೆಬರೆ ಸಿದ್ಧ ಮಾಡಿಡಿ ಅಂದಳು. ಅವಳು ಚಪ್ಪಲಿ ಮೆಟ್ಟಿಕೊಂಡು ಹೋದ ಮೇಲೆ ಹುಡುಗಿ ಹುಣಸೆಹಣ್ಣಿನ ಬುಟ್ಟಿ ಎಳೆದುಕೊಂಡು ಏನೂ ಆಗದವಳ ಹಾಗೆ ನಾರು ಬಿಡಿಸಲು ಕೂತಳು.

"ಬಿಡೇ ಅದನ್ನ," ಅಂತ ಬುಟ್ಟಿ ಕಿತ್ತುಕೊಂಡೆ. "ಇಷ್ಟ ಇಲ್ಲದ ಮನೇಲಿ ಕೆಲಸ ಯಾಕೆ ಮಾಡ್ತೀಯ? ನಂಗೆ ಮೊದಲೇ ಗೊತ್ತಿತ್ತು. ಆ ಮಂಗಳನ ಜಗಲೀಲಿ ಕೂತಾಗ್ಲೇ ಗೊತ್ತಿತ್ತು. ಹೋಗು, ಅಲ್ಲಿ ಹೊಟ್ಟೆ ತುಂಬ ಹಾಕ್ತಾರೆ. ನಿಮ್ಮಪ್ಪನ ಮಗಳೇ ನೀನು, ನಮ್ಮ ಪುಟ್ಟಲಕ್ಷ್ಮಿ ಮಗಳಲ್ಲ."

ಅವಳು ಅಳಲಿಲ್ಲ. ತುಟಿ ಕಚ್ಚಿಕೊಂಡು ಕೂತಿದ್ದಳು. ನನಗೆ ಅಳು ಬಂತು, ಅಳು ಬಂದದ್ದಕ್ಕೆ ಇನ್ನೂ ಸಿಟ್ಟು ಬಂತು. ತಟ್ಟೆಗಳನ್ನಾದರೂ ತಂದುಬಿಡೋಣ, ಅವಳದ್ದನ್ನು ಅವಳ ಚೀಲಕ್ಕೆ ಹಾಕಿಬಿಡೋಣ ಅಂತ ಎದ್ದೆ. ಬಾಗಿಲು ದಾಟುವಷ್ಟರಲ್ಲಿ ಮಂಗಳ ಓಡಿಬಂದಳು. ಊಟಕ್ಕೆ ಕೂತಿದ್ದವಳು ಹಾಗೇ ಎದ್ದು ಬಂದಿದ್ದಳು. ಬಲಗೈ ಎಂಜಲು, ಎಡಗೈಯಲ್ಲಿ ಅರ್ಧ ಉಂಡ ತನ್ನ ತಟ್ಟೆ, ಕಂಕುಳಲ್ಲಿ ಸಿಂಚನಳ ತಟ್ಟೆ.

"ದ್ಯಾವಕ್ಕ, ಏನು ಸುಳ್ಳು ಹೇಳ್ತು ನಿನ್ನ ಮಗು? ನಿನ್ನ ತಟ್ಟೆ ಬಿತ್ತು, ಸರಿ, ಅದು ಬೀಳದೇ ಇರುತ್ತಾ ಅಂದ್ಕೊಂಡೆ. ಮತ್ತೆ ಬಿತ್ತು, ಮತ್ತೆ ಬಿತ್ತು. ನಾನು ಮುದ್ದೆ ಮುರೀತಾ ಕೂತಿದ್ದೆ. ಆಮೇಲೆ ಇದು ಬಿತ್ತು ನೋಡು! ಬಿದ್ದಿದ್ದಲ್ಲ, ಯಾರೋ ಎತ್ತಿ ಒಗೆದಂಗೆ! ಒಂದು ಸಲ ಅಲ್ಲ, ಮೂರು ಸಲ!"

ತಟ್ಟೆ ಇಸಿದುಕೊಂಡೆ. ಅಂಚಿನಲ್ಲಿ ಹೆಬ್ಬೆರಳು ಕೂರುವಷ್ಟು ಆಳದ ನೆಗ್ಗು. ಹುಟ್ಟಿದಾಗಿನಿಂದ ಒಂದು ನೆಗ್ಗು ಇಲ್ಲದ ತಟ್ಟೆ. ಇಷ್ಟ ಇಲ್ಲ ಅಂದದ್ದೊಂದು, ಹಾಸ್ಟೆಲಿಗೆ ಆಸೆ ಅಂದದ್ದೊಂದು, ದೊಡ್ಡಮ್ಮ ಇಷ್ಟ ಇಲ್ಲ ಅಂದದ್ದೊಂದು. ಮೂರಕ್ಕೂ ಬಿದ್ದಿತ್ತು. ನೆಗ್ಗಿನಲ್ಲಿ ಹೆಬ್ಬೆರಳು ಇಟ್ಟು ನೋಡಿದೆ, ಬಾಯಲ್ಲಿ ಮಾತ್ರ ಬೇರೆಯೇ ಬಂತು.

"ಕಂಬಳೀಲಿ ಸುತ್ತಿಡು ಅಂದಿರ್ಲಿಲ್ವೇನೇ ನಿಂಗೆ?"

"ಸುತ್ತೇ ಇಟ್ಟಿದ್ದೆ ಕಣಕ್ಕ," ಅಂದಳು. ಅವಳ ಎಡಗೈಯ ತಟ್ಟೆ ಚಂಗನೆ ನೆಗೆದು ಸಾರು, ಮುದ್ದೆಯ ಸಮೇತ ನನ್ನ ಹೊಸ್ತಿಲ ಮೇಲೆ ಬಿತ್ತು.

ಇಬ್ಬರೂ ಅದನ್ನೇ ನೋಡಿದೆವು. ಮಂಗಳ ಎಂಜಲು ಕೈಯಲ್ಲೇ ಕಣ್ಣೊರೆಸಿಕೊಂಡಳು. "ಇಲ್ಲ, ಸುತ್ತಿಡ್ಲಿಲ್ಲ. ಹಲಗೆ ಮೇಲೆ ಚೇತು ತಟ್ಟೆ ಪಕ್ಕ ಇಟ್ಟೆ. ಅವನ ತಟ್ಟೆ ಬೀಳೋದೇ ಇಲ್ಲ ದ್ಯಾವಕ್ಕ. ಅಲ್ಲಿ ಬೇರೆ ತಟ್ಟೇಲಿ ಉಣ್ತಾನಲ್ಲ. ಅವನು ಚೆನ್ನಾಗವ್ನೋ, ಚೆನ್ನಾಗಿದೀನಿ ಅಂತ ಸುಳ್ಳು ಹೇಳ್ತವ್ನೋ, ಒಂದೂ ತಿಳಿಯಲ್ಲ. ಮನೇಲಿ ಒಂದು ಮಗಿನ ತಟ್ಟೆ ಸದ್ದು ಕೇಳಿ ಎಷ್ಟು ದಿನ ಆಯ್ತು. ಅದಕ್ಕೇ ಇಟ್ಟೆ, ತಪ್ಪಾಯ್ತು."

ಅವಳು ಮಾತು ಉಳಿಸಿಕೊಂಡಿದ್ದರೆ ನನ್ನ ಗತಿ ಏನಾಗುತ್ತಿತ್ತು ಅನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಒಳಗೆ ತಿರುಗಿ ನೋಡಿದೆ. ಸಿಂಚನ ಗೋಡೆಗೆ ಒರಗಿ ನಿಂತಿದ್ದಳು.

"ಯಾಕೇ ಸುಳ್ಳು ಹೇಳಿದೆ?"

"ಸುಮ್ನೆ."

"ಸುಮ್ನೆ ಗಿಮ್ನೆ ಎಲ್ಲಾ ಬೇಡ. ಬಾಯಿ ಬಿಡು."

"ನಾನು ಹೋದ್ರೆ ನೀನು ಉಣ್ತೀಯಲ್ಲ," ಅಂದಳು. ಆಗ ಅತ್ತಳು ನೋಡಿ, ಬಂದಾಗಿನಿಂದ ಇಟ್ಟುಕೊಂಡಿದ್ದ ಅಳುವೆಲ್ಲ ಒಂದೇ ಸಲಕ್ಕೆ. "ನಂದಾಯ್ತು ಅಂತೀಯ, ಬೆಕ್ಕು ಅಂತೀಯ. ನಮ್ಮನೇಲಿ ಬೆಕ್ಕು ಎಲ್ಲೈತೆ ದೊಡ್ಡಮ್ಮ? ಹಾಸಿಗೆ 'ದಬ್ ದಬ್' ಅನ್ನೋದು ನಂಗೆ ಕೇಳಲ್ವಾ?"

ನಾನು ತಟ್ಟೆ ಎದೆಗವಚಿಕೊಂಡು ಓಡಿದೆ. ಈ ಕಾಲುಗಳು ಓಡಿ ಎಷ್ಟು ವರ್ಷವಾಗಿತ್ತೋ. ಅರ್ಪಿತಾ ಅರಳಿಕಟ್ಟೆಯ ಮೇಲೆ ಕೂತು ಆಗತಾನೇ ಡಬ್ಬಿ ಬಿಚ್ಚುತ್ತಿದ್ದಳು. ತಟ್ಟೆಯನ್ನು ಅವಳ ಮುಂದೆ ಹಿಡಿದೆ.

"ಇದು ನಮ್ಮ ಹುಡುಗಿ ಉತ್ತರ. ಬಾಯಲ್ಲಿ ಹೇಳಿದ್ದಲ್ಲ, ಇದು. ಬರ್ಕೊಳ್ಳಿ."

ಉಬ್ಬಸದಲ್ಲೇ ಎಲ್ಲ ಹೇಳಿದೆ. ಕೇರಿಯವರು ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಹೊರಗಿನವಳ ಮುಂದೆ ಒದರಿಬಿಟ್ಟೆ. ಅವಳು ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ನೆಗ್ಗಿನ ಮೇಲೆ ಒಮ್ಮೆ ಬೆರಳಾಡಿಸಿ, ತನ್ನ ಡಬ್ಬಿಯನ್ನು ತಿರುಗಿಸಿ ನೋಡಿದಳು. ತಳವೆಲ್ಲ ನೆಗ್ಗು.

"ಮುಚ್ಚಳ ಸಡಿಲ ಆಗಿದೆ ಅಂದ್ಕೊಂಡಿದ್ದೆ," ಅಂದಳು ಮೆಲ್ಲಗೆ. "ಒಂದೊಂದು ಮನೇಲೂ ಅದೇ ಎರಡು ಮಾತು ಹೇಳಬೇಕು ಅಂತ ನಮಗೆ ಹೇಳಿಕೊಟ್ಟಿದ್ದಾರೆ ಅಮ್ಮ."

"ಅದು ಇರ್ಲಿ. ಇದನ್ನ ಬರ್ಕೊಳ್ತೀರೋ ಇಲ್ವೋ?"

"ತಟ್ಟೆ ನೆಗ್ಗು ಬರೆಯೋಕೆ ಇದರಲ್ಲಿ ಜಾಗ ಇಲ್ಲ. ಸಂಜೆ ಕಳಿಸೋದು, ಇನ್ನೂ ಕಳಿಸಿಲ್ಲ. ಬೇಕಾದ್ರೆ ಮತ್ತೆ ಮೊದಲಿಂದ ಕೇಳಬಹುದು. ಎಲ್ಲಾನೂ ಕೇಳಬೇಕಾಗುತ್ತೆ, ನಿಮ್ಮನ್ನೂ."

ನನ್ನನ್ನೂ ಅಂದಾಗ ಕಾಲು ಹಿಂದಕ್ಕೆ ಬಂತು. ನಿಜ ಹೇಳಿದರೆ ಅಂಕ ಪಾತಾಳಕ್ಕೆ ಹೋಗುತ್ತದೆ, ಆಮೇಲೆ ಹುಡುಗಿಯ ಮಾತನ್ನು ಯಾರಾದರೂ ಲೆಕ್ಕಕ್ಕೆ ಹಿಡಿಯುತ್ತಾರೋ ಇಲ್ಲವೋ? ಆದರೆ ಬೇರೆ ದಾರಿ ಕಾಣಲಿಲ್ಲ. ಬನ್ನಿ ಅಂದೆ.

ಮುದ್ರೆಯ ತಟ್ಟೆಗಳನ್ನು ತೆಗೆದು ಮೂಲೆಗಿಟ್ಟೆ. ಮಂಗಳ ತನ್ನ ಮನೆಗೆ ಹೋಗಿ ನನ್ನ ತಟ್ಟೆ ತಂದಳು. ಅದನ್ನೂ ಸಿಂಚನಳದನ್ನೂ ನಾನೇ ಕೈಯಾರೆ ಹಲಗೆಯ ಮೇಲೆ ನಿಲ್ಲಿಸಿದೆ. ಅರ್ಪಿತಾ ಮತ್ತೆ ಅದೇ ಚಾಪೆಯ ಮೇಲೆ ಕೂತಳು. ಈ ಸಲ ಆ ಎರಡು ಮಾತು ಹೇಳಲಿಲ್ಲ.

"ದಿನಕ್ಕೆ ಎಷ್ಟು ಹೊತ್ತು ಊಟ?"

"ಅವಳಿಗೆ ಮೂರು ಹೊತ್ತು, ಸ್ಕೂಲಿಂದೂ ಸೇರಿಸಿ. ನನಗೆ ಒಂದು. ಕೆಲಸ ಚೆನ್ನಾಗಿದ್ದ ದಿನ ಎರಡು." ಹೇಳುವಾಗ ಮುಖ ಸುಟ್ಟುಹೋಯಿತು. ಮಂಗಳನ ಎದುರಿಗೆ, ಹುಡುಗಿಯ ಎದುರಿಗೆ. ಮೂರು ಹೊತ್ತು ಅನ್ನುವ ಸುಳ್ಳು ಎಷ್ಟು ಸಲೀಸಾಗಿ ಬಂದಿತ್ತು.

ಹಸಿದು ಮಲಗಿದ ದಿನ ಇದೆ ಅಂದೆ. ನಿದ್ದೆ ಬರುವುದಿಲ್ಲ ಅಂದೆ. ತಟ್ಟೆಗಳು ನಿಂತಲ್ಲೇ ನಿಂತಿದ್ದವು. ಅರ್ಪಿತಾಳ ಮುಖ ಸಣ್ಣದಾಗುತ್ತಿದ್ದುದು ನನಗೆ ಕಂಡಿತು. ಆಮೇಲೆ ಸಿಂಚನಳನ್ನು ಕೇಳಿದಳು.

"ದೊಡ್ಡಮ್ಮ ಬೈತಾರಾ?"

"ಬೈತಾರೆ. ತುಂಬ."

ತಟ್ಟೆ ಕದಲಲಿಲ್ಲ. ಮಂಗಳ ಬಾಯಿಗೆ ಸೆರಗು ಅಡ್ಡ ಹಿಡಿದಳು.

"ಆದ್ರೂ ಇಲ್ಲಿ ಇರೋಕೆ ಇಷ್ಟಾನಾ?"

"ಹ್ಞೂಂ. ಇಲ್ಲೇ ಇರ್ತೀನಿ."

ನಾಲ್ಕು ಜನವೂ ಹಲಗೆಯನ್ನು ನೋಡಿದೆವು. ಹೊರಗೆ ಯಾರದ್ದೋ ಗಾಡಿ ಹೋಯಿತು. ತಟ್ಟೆ ನಿಂತೇ ಇತ್ತು, ನೆಗ್ಗಿನ ಭಾಗ ನಮ್ಮ ಕಡೆಗೇ ತಿರುಗಿತ್ತು.

ಅರ್ಪಿತಾ ಎಲ್ಲವನ್ನೂ ಒತ್ತಿ ಮುಗಿಸಿ ಏಳುವಾಗ ನಾನು ಅವಳ ಚೀಲ ಹಿಡಿದುಕೊಂಡೆ. "ಡಬ್ಬಿ ಹೊರಗಿಡಿ," ಅಂದೆ. ಅವಳು ಅರ್ಥಮಾಡಿಕೊಂಡು ಡಬ್ಬಿ ತೆಗೆದು ನೆಲದ ಮೇಲಿಟ್ಟಳು.

"ಈಗ ಹೇಳಿ ಮೇಡಂ. ಹುಡುಗಿ ನನ್ನ ಹತ್ರ ಇರ್ತಾಳಾ?"

"ಅಂಕ ತುಂಬ ಕಡಿಮೆ ಬಂದಿದೆ. ಮೇಲಿನವರು ಕೇಳ್ತಾರೆ. ಆದ್ರೆ ಮಗು ಮಾತೇ ಕೊನೆ ಅಂತ ಇದೆ, ಅದನ್ನ ಬದಲಾಯಿಸೋಕೆ ನಾನು ಯಾರಿಗೂ ಬಿಡಲ್ಲ. ಇರ್ತಾಳೆ."

ಡಬ್ಬಿ ಸುಮ್ಮನಿತ್ತು. ನಾನು ಬಗ್ಗಿ ಕಿವಿ ಕೊಟ್ಟು ಕೇಳಿದೆ.

"ಇನ್ನೊಂದು ಸಲ ಹೇಳಿ."

"ಇರ್ತಾಳೆ ಅಮ್ಮ."

ಸುಮ್ಮನಿತ್ತು. ನಾನು ಒಂದು ಲೋಟ ನೀರು ಕೊಟ್ಟೆ, ಅವಳು ನಿಂತೇ ಗಟಗಟ ಕುಡಿದಳು. ಅಷ್ಟೊಂದು ಬಾಯಾರಿದ್ದವಳು ತಿಂಗಳಿಡೀ ಯಾಕೆ ಕುಡಿಯಲಿಲ್ಲ ಅಂತ ಕೇಳಿದೆ. "ಯಾರ ಮನೇದೂ ಮುಟ್ಟಬಾರದು, ಉತ್ತರ ಬದಲಾಗುತ್ತೆ ಅಂತ ರೂಲ್ಸು," ಅಂದಳು. ಅದೂ ನಿಜವೇ ಇರಬೇಕು, ಡಬ್ಬಿ ಏನೂ ಅನ್ನಲಿಲ್ಲ.

ಸೋಮವಾರ ಜೀಪು ಬರಲಿಲ್ಲ. ಮುಂದೆ ಬರುವುದಿಲ್ಲ ಅಂತ ನಾನೇನೂ ನಂಬಿ ಕೂತಿಲ್ಲ, ಜೀಪಿನ ಸದ್ದಾದರೆ ಈಗಲೂ ಎದ್ದು ಬಾಗಿಲಿಗೆ ಹೋಗುತ್ತೇನೆ. ಮಂಗಳ ಸಂಜೆ ಹೊತ್ತು ನಮ್ಮ ಜಗಲಿಗೆ ಬಂದು ಕೂರುತ್ತಾಳೆ, ಯಾಕೆ ಅಂತ ನಾನು ಕೇಳುವುದಿಲ್ಲ. ಸರ್ವೆಯ ಆ ಸಂಜೆ ಮಾತ್ರ ನಾವಿಬ್ಬರೇ ಇದ್ದೆವು. ಹಿಟ್ಟು ಒಂದೇ ಮುದ್ದೆಗಾಗುವಷ್ಟಿತ್ತು. ಸಿಂಚನ ಎರಡು ತಟ್ಟೆ ಇಳಿಸಿ ನೆಲದ ಮೇಲೆ ಎದುರುಬದುರಾಗಿ ಇಟ್ಟಳು.

"ದೊಡ್ಡಮ್ಮ, ಊಟ?"

ನಂದಾಯ್ತು ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಹುಡುಗಿ ನನ್ನ ತಟ್ಟೆಯನ್ನೇ ನೋಡುತ್ತಿದ್ದಳು.

"ಇಲ್ಲ ಕಣೇ. ಉಂಡಿಲ್ಲ. ಹಾಕು."

ಮುದ್ದೆ ಮುರಿದು ದೊಡ್ಡ ಪಾಲು ನನಗೆ ಹಾಕಿ, ಚಿಕ್ಕದನ್ನು ತನಗೆ ಹಾಕಿಕೊಂಡಳು. ನನಗೆ ಅನುಮಾನ ಬಂತು. "ಅಷ್ಟು ಸಾಕಾ ನಿಂಗೆ?" ಅಂದೆ.

"ಸಾಕು ದೊಡ್ಡಮ್ಮ."

ಅವಳ ಮುಂದಿನ ತಟ್ಟೆ ನೆಗೆದು ಟಣ್ ಅಂತು.

"ಕಳ್ಳಿ," ಅಂದೆ. ನನ್ನ ಪಾಲಿನಲ್ಲಿ ಒಂದು ತುಂಡು ಮುರಿದು ಅವಳ ತಟ್ಟೆಗೆ ಹಾಕಿದೆ.